ಆರ್‌ಸಿ (ರಿಮೋಟ್ ಕಂಟ್ರೋಲ್) ವಿಮಾನ ಲ್ಯಾಂಡಿಂಗ್‌ನಲ್ಲಿ ಬೇಗ ಇಳಿತಾ ಇದ್ರೆ ಮೂತಿ ಎತ್ತಬೇಕಾ, ಥ್ರಾಟಲ್ ಕೊಡಬೇಕಾ?

ಥ್ರಾಟಲ್ ಕೊಡಿ, ಅಂದ್ರೆ ಮೋಟಾರ್ ಪವರ್ ಜಾಸ್ತಿ ಮಾಡಿ. ಕೇಳೋಕೆ ಉಲ್ಟಾ ಅನ್ಸುತ್ತೆ, ಆದ್ರೆ ನಿಧಾನಕ್ಕೆ ಹಾರೋವಾಗ ಎತ್ತರ ನೋಡ್ಕೊಳ್ಳೋದು ಥ್ರಾಟಲ್, ವೇಗ ನೋಡ್ಕೊಳ್ಳೋದು ಎಲಿವೇಟರ್, ಅಂದ್ರೆ ಬಾಲದಲ್ಲಿ ಮೇಲೆ ಕೆಳಗೆ ಆಡುತ್ತಲ್ಲ ಆ ಪಟ್ಟಿ.

ಯಾಕಂದ್ರೆ ರೆಕ್ಕೆ ಎಷ್ಟು ಎತ್ತುತ್ತೆ ಅನ್ನೋದು ವೇಗದ ಮೇಲೂ, ಅದು ಗಾಳಿಗೆ ಯಾವ ಕೋನದಲ್ಲಿದೆ ಅನ್ನೋದ್ರ ಮೇಲೂ ನಿಂತಿದೆ. ಪವರ್ ಕೊಡದೆ ಬರೀ ರಿಮೋಟ್‌ನ ಸ್ಟಿಕ್ ಎಳೆದು ಮೂತಿ ಎತ್ತಿದ್ರೆ ಕೋನ ಜಾಸ್ತಿಯಾಗಿ ಒಂದು ಕ್ಷಣ ಮೇಲೆದ್ದಂಗೆ ಕಾಣುತ್ತೆ, ಅದ್ರ ಜೊತೆಗೇ ಗಾಳಿ ತಡೆನೂ ಜಾಸ್ತಿಯಾಗಿ ವೇಗ ಸತ್ತು ಹೋಗುತ್ತೆ, ಕೋನ ಸುಮಾರು 15 ಡಿಗ್ರಿ ದಾಟ್ತಿದ್ದಂಗೆ ಗಾಳಿ ರೆಕ್ಕೆ ಮೇಲ್ಮೈಗೆ ಅಂಟಿಕೊಂಡು ಹರಿಯೋದು ಬಿಡುತ್ತೆ, ಇದಕ್ಕೇ ಸ್ಟಾಲ್ ಅನ್ನೋದು, ಆಮೇಲೆ ಒಂದು ಕಡೆ ರೆಕ್ಕೆ ಜಾರಿ ದೊಪ್ಪಂತ ನೆಲಕ್ಕೆ.

ನಾನು ಶಿವಮೊಗ್ಗ ಹತ್ರ ಕೊಯ್ಲು ಮುಗಿದ ಗದ್ದೆಲಿ ಕಲಿತಿದ್ದು, ಒಂದು ಕಡೆ ಅಡಿಕೆ ತೋಟ ಬೇರೆ, ಅದನ್ನ ದಾಟಿಸೋ ಗಾಬರಿಲಿ ಸ್ಟಿಕ್ ಎಳೆದು ಎರಡು ಪ್ರೊಪೆಲರ್ ಮುರಿದಿದೀನಿ. (ಮರದ ತುದಿಗೆ ಸಿಕ್ಕಿದ್ರೆ ಮರ ಹತ್ತಿ ಅಡಿಕೆ ಕೊಯ್ಯೋ ಕೊನೆಗಾರನ್ನೇ ಕರಿಬೇಕು!) ಈಗ ಥ್ರಾಟಲ್ ಪೂರ್ತಿ ಕಟ್ ಮಾಡಲ್ಲ, ಸ್ವಲ್ಪ ಇಟ್ಕೊಂಡೇ ಬರ್ತೀನಿ, ಬದು ದಾಟಿ ನೆಲ ಮೊಣಕಾಲೆತ್ತರಕ್ಕೆ ಬಂದ್ಮೇಲೆ ಸೊನ್ನೆ ಮಾಡಿ ಆವಾಗ ಮಾತ್ರ ಮೂತಿ ಚೂರು ಎತ್ತೋದು. ಬ್ಯಾಟರಿ ಪೂರ್ತಿ ಖಾಲಿಯಾಗೋ ಮುಂಚೆನೇ ಇಳಿಸಿ, ಇಲ್ಲಾಂದ್ರೆ ಬೇಕಾದಾಗ ಕೊಡೋಕೆ ಪವರ್ರೇ ಇರಲ್ಲ.