ಬರೆಯುವಾಗ ಮಾತಾಡಬಹುದಾ?

ಕಾದಂಬರಿ ಅರ್ಧಕ್ಕೆ ನಿಂತಿದೆ, ಬೇರೆ ಬರಹಗಾರರ ಹತ್ತಿರ ಮಾತಾಡಿದರೆ ಕಥೆ ಕೆಡುತ್ತದಾ ಅಂತ ತೀರ್ಥಹಳ್ಳಿಯಿಂದ ಕೇಳಿದ್ದೀರಿ. ಮಾತಾಡಿ. ಆದರೆ ಕಥೆ ಹೇಳಬೇಡಿ, ಎಲ್ಲಿ ಸಿಕ್ಕಿಕೊಂಡಿದ್ದೀರಿ ಅಷ್ಟು ಹೇಳಿ.

ನಾನೊಮ್ಮೆ ಸಾಗರದ ಗೆಳೆಯರೊಬ್ಬರ ಜಗಲಿಯಲ್ಲಿ ಕೂತು, ಕೈಯಲ್ಲಿದ್ದ ಕಷಾಯ ಆರಿಹೋಗುವವರೆಗೂ ಇಡೀ ಕಥೆ ಒದರಿಬಿಟ್ಟೆ. ಆಮೇಲೆ ಮೂರು ತಿಂಗಳು ಬರೆಯುವ ಉಮೇದೇ ಇಲ್ಲ! ಅವರು ಕೇಳಿದ ಒಂದು ಪ್ರಶ್ನೆ ಮಾತ್ರ ಉಳಿಯಿತು: "ಅಡಿಕೆ ಕೊನೆ ಕೊಯ್ಯುವ ನಿಮ್ಮ ಕೊನೆಗಾರ ಮರದ ಮೇಲೆ ಕೂತ ಅಂತೀರಲ್ಲ, ಯಾವುದರ ಮೇಲೆ ಕೂತ?" ನನಗೆ ಗೊತ್ತಿರಲಿಲ್ಲ. ಕೊಯ್ಲಿನ ಹೊತ್ತಿಗೆ ತೋಟಕ್ಕೆ ಹೋಗಿ, ಮರಕ್ಕೆ ಕಟ್ಟಿಕೊಂಡು ಕೂರುವ ಕಟ್ಟುಮಣೆ ನೋಡಿ ಬಂದೆ. ಅಧ್ಯಾಯ ಅಲ್ಲಿಂದ ಮತ್ತೆ ಶುರುವಾಯಿತು.

ನಿಮ್ಮ ತಾಲ್ಲೂಕಿನ ಮೇಳಿಗೆಯವರಾದ ಅನಂತಮೂರ್ತಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಓದುವಾಗ ಬರ್ಗ್‌ಮನ್ ಸಿನಿಮಾವೊಂದನ್ನು ನೋಡಿ, ತಮ್ಮ ಮೇಷ್ಟ್ರೂ ಕಾದಂಬರಿಕಾರರೂ ಆದ ಮಾಲ್ಕಮ್ ಬ್ರಾಡ್‌ಬರಿ ಜೊತೆ ಅದರ ಬಗ್ಗೆ ಮಾತಾಡಿದ್ದರು. 1965ರ 'ಸಂಸ್ಕಾರ' ಹುಟ್ಟಿದ್ದು ಆ ಮಾತಿನಿಂದ. ಮಾತು ಸಿನಿಮಾದ್ದು, ಕಾದಂಬರಿಯದ್ದಲ್ಲ, ಅಲ್ವಾ?

ಜೊತೆಗೆ ಜನ ಬೇಕೆಂದರೆ ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ ನಡೆಸುವ ಶಿಬಿರಕ್ಕೆ ಹೋಗಿ. ಗೋಷ್ಠಿಗಿಂತ ಊಟದ ಸಾಲಿನಲ್ಲೇ ಜಾಸ್ತಿ ಮಾತು ಸಿಗುತ್ತದೆ. ಹಸ್ತಪ್ರತಿ ಮಾತ್ರ ಮನೆಯಲ್ಲೇ ಇರಲಿ.