ಯುದ್ಧದ ಬಗ್ಗೆ ಕೇಳಬಹುದಾ?

ಪ್ರಶ್ನೆ: ನಾನು ಸ್ಟೂಡೆಂಟ್ ವೀಸಾದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಓದುತ್ತಿದ್ದೇನೆ. ಸೇವೆ ಮಾಡುತ್ತಾ ಕಲಿಯುವ ಕೋರ್ಸ್ ಒಂದರಲ್ಲಿ ನಮ್ಮನ್ನು ಮೆಕ್ಸಿಕೋದ ಟಿಹುವಾನಾಗೆ ಕರೆದುಕೊಂಡು ಹೋಗುತ್ತಾರೆ. ಅಮೆರಿಕದ ಸೈನ್ಯದಲ್ಲಿದ್ದು ಆಮೇಲೆ ಗಡೀಪಾರಾದವರು ಅಲ್ಲಿ ಸಿಗುತ್ತಾರಂತೆ. ಸೈನ್ಯದಲ್ಲಿ ದುಡಿದವರನ್ನೇ ಹೊರಗೆ ಹಾಕುವುದು ಹೇಗೆ? ಅವರನ್ನು ಯುದ್ಧದ ಬಗ್ಗೆ ಕೇಳಬಹುದಾ?

ಉತ್ತರ: ಮೊದಲು ಕಾನೂನು ತಿಳಿದುಕೊಂಡು ಹೋಗಿ. ಇಲ್ಲದಿದ್ದರೆ ಬಂದವರಿಗೆಲ್ಲ ಹೇಳಿದ್ದನ್ನೇ ಅವರು ನಿಮಗೂ ಹೇಳಬೇಕಾಗುತ್ತದೆ, ಸಮಯ ಅಲ್ಲೇ ಮುಗಿಯುತ್ತದೆ.

ಪೌರತ್ವ ಇಲ್ಲದಿದ್ದರೂ ಗ್ರೀನ್ ಕಾರ್ಡ್, ಅಂದರೆ ಕಾಯಂ ವಾಸದ ಅನುಮತಿ ಇದ್ದವರು ಅಮೆರಿಕದ ಸೈನ್ಯಕ್ಕೆ ಸೇರಬಹುದು. ಆದರೆ ಸೇರಿದ ತಕ್ಷಣ ಪೌರತ್ವ ಬರುವುದಿಲ್ಲ, ಬೇರೆಯೇ ಅರ್ಜಿ ಹಾಕಬೇಕು. ಪ್ರಮಾಣ ಸ್ವೀಕರಿಸಿದಾಗಲೇ ನಾವು ಅಮೆರಿಕದವರಾದೆವು ಅಂದುಕೊಂಡು ಅರ್ಜಿಯನ್ನೇ ಹಾಕದವರು ಎಷ್ಟೋ ಜನ. ಅದರ ಮೇಲೆ 1996ರ ವಲಸೆ ಕಾನೂನು ಬಂತು. ಗಡೀಪಾರಿಗೆ ದಾರಿಯಾಗುವ ಅಪರಾಧಗಳ ಪಟ್ಟಿ ತುಂಬಾ ಉದ್ದವಾಯಿತು, ಆ ಪಟ್ಟಿಗೆ ಬಿದ್ದವರ ವಿಷಯದಲ್ಲಿ ಇವನು ಸೈನ್ಯದಲ್ಲಿದ್ದವನು, ಮಕ್ಕಳು ಇಲ್ಲೇ ಇದ್ದಾರೆ ಅಂತ ನೋಡಿ ಉಳಿಸಿಕೊಳ್ಳುವ ಅಧಿಕಾರ ನ್ಯಾಯಾಧೀಶರ ಕೈಯಿಂದ ಹೆಚ್ಚುಕಡಿಮೆ ಹೋಯಿತು. ಸೈನ್ಯದಿಂದ ಬಂದ ಮೇಲೆ ಕುಡಿತಕ್ಕೋ ಡ್ರಗ್ಸ್‌ಗೋ ಬಿದ್ದು ತಪ್ಪು ಮಾಡಿದವರು ಜೈಲು ಶಿಕ್ಷೆ ಮುಗಿಸಿಯೂ ಮನೆಗೆ ಹೋಗಲಿಲ್ಲ, ಗಡಿಯಾಚೆ ಹೋದರು. ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆ, ಅಲ್ವಾ? ನನಗಂತೂ ಇದು ಅನ್ಯಾಯ ಅಂತಲೇ ಅನಿಸುತ್ತದೆ.

ಹೆಕ್ಟರ್ ಬರಾಹಾಸ್ ಅವರ ವಿಷಯ ಓದಿಕೊಳ್ಳಿ. ಅಮೆರಿಕ ಸೈನ್ಯದ 82ನೇ ಏರ್‌ಬೋರ್ನ್ ಅನ್ನುವ ದಳದಲ್ಲಿ ಪ್ಯಾರಾಟ್ರೂಪರ್, ಅಂದರೆ ವಿಮಾನದಿಂದ ಪ್ಯಾರಾಚೂಟ್‌ನಲ್ಲಿ ಇಳಿಯುವ ಸೈನಿಕ ಆಗಿದ್ದವರು. ಗಡೀಪಾರಾದ ಮೇಲೆ ಟಿಹುವಾನಾದಲ್ಲಿ ತಮ್ಮಂಥವರಿಗಾಗಿ ಒಂದು ಮನೆ ತೆರೆದರು, ಎಲ್ಲರೂ ಅದನ್ನು ಬಂಕರ್ ಅಂತಲೇ ಕರೆದರು. 2017ರಲ್ಲಿ ಕ್ಯಾಲಿಫೋರ್ನಿಯಾ ಗವರ್ನರ್ ಕ್ಷಮಾದಾನ ಕೊಟ್ಟರು, 2018ರಲ್ಲಿ ಪೌರತ್ವ ಸಿಕ್ಕಿತು. ಅಂಥ ಅದೃಷ್ಟ ಎಲ್ಲರಿಗೂ ಇಲ್ಲ. ಗೌರವದಿಂದ ಬಿಡುಗಡೆಯಾದ ಸೈನಿಕ ಗಡೀಪಾರಾಗಿದ್ದರೂ, ಸತ್ತ ಮೇಲೆ ಅಮೆರಿಕದ ರಾಷ್ಟ್ರೀಯ ಸ್ಮಶಾನದಲ್ಲಿ ಧ್ವಜ ಹೊದಿಸಿಕೊಂಡು ಮಲಗಬಹುದು. ಬದುಕಿರುವಾಗ ಮಗಳ ಮದುವೆಗೆ ಬರಲು ಆಗುವುದಿಲ್ಲ. ಇದನ್ನು ಎಷ್ಟು ಸಲ ಯೋಚಿಸಿದರೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಯುದ್ಧದ ಬಗ್ಗೆ ನೀವಾಗಿ ಕೇಳಬೇಡಿ. ಏನು ಅಪರಾಧ ಮಾಡಿದಿರಿ ಅಂತಲೂ ಬೇಡ. ಅವರೇ ಹೇಳಿದರೆ ಮಧ್ಯೆ ಬಾಯಿ ಹಾಕದೆ ಕೇಳಿ, ಅಯ್ಯೋ ಪಾಪ ಅನ್ನಬೇಡಿ. ಅದರ ಬದಲು ಯಾವ ಕಾಗದ ಬಾಕಿ ಇದೆ ಅಂತ ಕೇಳಿ. ಡಿಡಿ-214 ಅನ್ನುವ ಸೇನಾ ಬಿಡುಗಡೆ ಪತ್ರ ಕಳೆದುಹೋಗಿರಬಹುದು, ಅಂಗವೈಕಲ್ಯ ಪರಿಹಾರದ ಅರ್ಜಿ ಅರ್ಧಕ್ಕೆ ನಿಂತಿರಬಹುದು. ವಕೀಲರು ಯಾರಾದರೂ ಜೊತೆಗಿದ್ದರೆ ಅವರು ಹೇಳಿದಂತೆ ಫಾರಂ ತುಂಬಿಸಿ, ಸಂಸದರಿಗೆ ಪತ್ರ ಬರೆಯಲು ಕೂತುಕೊಳ್ಳಿ. ಸುಮ್ನೆ ಗೋಡೆಗೆ ಬಣ್ಣ ಹಚ್ಚಿ ಬರುವುದಕ್ಕಿಂತ ಇದು ಜಾಸ್ತಿ ಉಪಯೋಗ.

ಒಂದು ಮಾತು, ನಿಮ್ಮ ಪಾಸ್‌ಪೋರ್ಟ್, ಚಾಲ್ತಿಯಲ್ಲಿರುವ ವೀಸಾ, ಪ್ರವಾಸಕ್ಕೆ ಕಾಲೇಜಿನವರು ಸಹಿ ಹಾಕಿದ ಐ-20 ಅನ್ನುವ ವಿದ್ಯಾರ್ಥಿ ದಾಖಲೆ, ಮೂರೂ ಬ್ಯಾಗಿನಲ್ಲಿವೆಯಾ ಅಂತ ಹೊರಡುವ ಮುಂಚೆ ಎರಡು ಸಲ ನೋಡಿಕೊಳ್ಳಿ.