ಫ್ಯಾನಿಗೆ ಫಿಲ್ಟರ್ ಕಟ್ಟಿದರೆ ಸಾಕಾ?

ಪ್ರಶ್ನೆ: ನಾವು ಧಾರವಾಡದವರು, ಕೆಲಸದ ಮೇಲೆ ದೆಹಲಿಯ ದ್ವಾರಕಾದಲ್ಲಿದ್ದೇವೆ. ದೀಪಾವಳಿ ಹತ್ತಿರ ಬಂತೆಂದರೆ ಮಗಳಿಗೆ ಕೆಮ್ಮು ಶುರು. ಅಂಗಡಿಯ ಪ್ಯೂರಿಫೈಯರ್ ಬೆಲೆ ಕೇಳಿ, ಮನೆಯಲ್ಲೇ ಮಾಡೋಣ ಅಂತ ಒಂದು ಹೆಪಾ ಫಿಲ್ಟರ್ ತಂದು ಟೇಬಲ್ ಫ್ಯಾನಿನ ಮುಂದೆ ಕಟ್ಟಿದೆ. ಗಾಳಿಯೇ ಬರುತ್ತಿಲ್ಲ. ಗಾಳಿ ಅಳೆಯುವ ಮೀಟರಿನಲ್ಲಿ ಪಿಎಂ 2.5 (ಗಾಳಿಯಲ್ಲಿರುವ ಅತಿ ಸಣ್ಣ ಕಣಗಳ ಪ್ರಮಾಣ) ಕೂಡ ಅಷ್ಟಕ್ಕಷ್ಟೇ ಇಳಿಯುತ್ತದೆ. ಫಿಲ್ಟರ್ ನಕಲಿ ಇರಬಹುದಾ?

ಉತ್ತರ: ಫಿಲ್ಟರನ್ನು ಬೈಯುವ ಮೊದಲು ಫ್ಯಾನ್ ನೋಡಿ. ಟೇಬಲ್ ಫ್ಯಾನ್ ಮಾಡಿರುವುದೇ ಎದುರಿಗೆ ಏನೂ ಅಡ್ಡ ಇಲ್ಲದ ಕಡೆ ಬೀಸಲಿಕ್ಕೆ. ದಪ್ಪ ಫಿಲ್ಟರ್ ಅಡ್ಡ ಬಂದರೆ ಅದರೊಳಗೆ ಗಾಳಿ ನುಗ್ಗಿಸುವ ಬಲ ಅದಕ್ಕಿಲ್ಲ. ರೆಕ್ಕೆ ಜೋರಾಗಿ ತಿರುಗುತ್ತಲೇ ಇರುತ್ತದೆ, ಆದರೆ ಗಾಳಿ ಫಿಲ್ಟರಿಗೆ ಬಡಿದು ಪಕ್ಕದ ಸಂದಿಯಿಂದ ವಾಪಸ್ ಬರುತ್ತದೆ, ಶುದ್ಧವಾಗದೆ.

ಹೆಪಾ ಅಂದರೆ 0.3 ಮೈಕ್ರಾನಿನ ಕಣವನ್ನೂ 99.97% ಹಿಡಿಯುವ ಫಿಲ್ಟರ್. ಈ ಅಂಕಿಗೆ ಎಲ್ಲರೂ ಮರುಳಾಗುತ್ತಾರೆ. ಆದರೆ ಅದರೊಳಗೆ ಹಾದುಹೋದ ಗಾಳಿಗೆ ಮಾತ್ರ ಆ ಲೆಕ್ಕ. ಗಂಟೆಗೆ 40 ಘನ ಮೀಟರ್ ಗಾಳಿ ಹಾದರೆ ನಿಮಗೆ ಸಿಗುವ ಶುದ್ಧ ಗಾಳಿ 40 ಘನ ಮೀಟರ್, ಅಷ್ಟೇ. ಅರ್ಧದಷ್ಟೇ ಕಣ ಹಿಡಿಯುವ ಸಾಧಾರಣ ಫಿಲ್ಟರಿನಲ್ಲಿ ಗಂಟೆಗೆ 400 ಘನ ಮೀಟರ್ ಹಾದರೆ 200 ಸಿಕ್ಕಂತಾಯಿತು. ಅದೇ ಗಾಳಿ ಮತ್ತೆ ಮತ್ತೆ ಫಿಲ್ಟರಿಗೆ ಬರುತ್ತದೆ, ಒಂದೇ ಸಲಕ್ಕೆ ಪೂರ್ತಿ ಸೋಸಬೇಕು ಅಂತೇನಿಲ್ಲ.

ನಿಮ್ಮ ಕೋಣೆ 12 ಅಡಿ, 10 ಅಡಿ, ಎತ್ತರ 10 ಅಡಿ ಅಂದುಕೊಳ್ಳಿ. ಅಂದರೆ 1200 ಘನ ಅಡಿ, ಸುಮಾರು 34 ಘನ ಮೀಟರ್. ಗಂಟೆಗೆ ಐದು ಸಲ ಅಷ್ಟೂ ಗಾಳಿ ಸೋಸಬೇಕಾದರೆ 170 ಘನ ಮೀಟರ್ ಬೇಕು. ದೆಹಲಿಯ ನವೆಂಬರಿಗೆ ಇದು ಜಾಸ್ತಿ ಏನಲ್ಲ.

ಹಾಗಾದರೆ ಮಾಡುವುದು ಹೇಗೆ? ಫಿಲ್ಟರಿನ ಹರವು ಹೆಚ್ಚಿಸಿ. ಅಮೆರಿಕದಲ್ಲಿ 2020ರಲ್ಲಿ, ಕೋವಿಡ್ ಸಮಯದಲ್ಲಿ, ರಿಚರ್ಡ್ ಕೋರ್ಸಿ ಎಂಬ ಎಂಜಿನಿಯರಿಂಗ್ ಪ್ರಾಧ್ಯಾಪಕರ ಯೋಚನೆಯನ್ನು ಜಿಮ್ ರೊಸೆಂಥಾಲ್ ಎಂಬ ಫಿಲ್ಟರ್ ಕಂಪನಿಯವರು ಕಟ್ಟಿ ತೋರಿಸಿದರು. ನಾಲ್ಕು ಪಕ್ಕಕ್ಕೆ ನಾಲ್ಕು ಮರ್ವ್ 13 ಫಿಲ್ಟರ್ (ಮರ್ವ್ ಅಂದರೆ ಫಿಲ್ಟರ್ ಎಷ್ಟು ಚೆನ್ನಾಗಿ ಕಣ ಹಿಡಿಯುತ್ತದೆ ಎನ್ನುವ ಅಂಕ), ಕೆಳಗೆ ರಟ್ಟು, ಮೇಲೆ ಫ್ಯಾನ್, ಸುತ್ತ ಟೇಪ್. ನಾಲ್ಕು ಕಡೆಯಿಂದ ನಿಧಾನಕ್ಕೆ ಗಾಳಿ ಒಳಗೆ ಬರುವುದರಿಂದ ಫ್ಯಾನಿಗೆ ಹೊರೆ ಕಡಿಮೆ. ಫ್ಯಾನ್ ಗಾಳಿಯನ್ನು ಡಬ್ಬದಿಂದ ಮೇಲಕ್ಕೆ ಎಳೆದು ಹೊರಹಾಕಬೇಕು. ಫಿಲ್ಟರಿನ ಅಂಚಿನಲ್ಲಿ ಬಾಣದ ಗುರುತಿರುತ್ತದಲ್ಲ, ಅದು ಡಬ್ಬದ ಒಳಮುಖವಾಗಿರಲಿ.

ಅಲ್ಲಿ ಬಳಸುವ ಚೌಕದ ಬಾಕ್ಸ್ ಫ್ಯಾನ್ ನಮ್ಮಲ್ಲಿ ಸಲೀಸಾಗಿ ಸಿಗುವುದಿಲ್ಲ. ಚಿಂತೆ ಬೇಡ, ಅಡುಗೆಮನೆಗೆ ಹಾಕುವ 12 ಇಂಚಿನ ಲೋಹದ ಎಕ್ಸಾಸ್ಟ್ ಫ್ಯಾನ್ ತನ್ನಿ. ಸದ್ದು ಮಾಡುತ್ತದೆ, ಸುಳ್ಳು ಯಾಕೆ ಹೇಳಲಿ, ಆದರೆ ಟೇಬಲ್ ಫ್ಯಾನಿಗಿಂತ ಚೆನ್ನಾಗಿ ಎಳೆಯುತ್ತದೆ. ಮೇಲಿನ ರಟ್ಟಿನಲ್ಲಿ ಫ್ಯಾನಿನ ಅಳತೆಗೆ ಸರಿಯಾಗಿ ದುಂಡಗೆ ಕತ್ತರಿಸಿ ಕೂರಿಸಿ. ವೈರ್ ಜೋಡಣೆ ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಹತ್ತಿರ ಮೂರು ಪಿನ್ನಿನ ಪ್ಲಗ್ ಹಾಕಿಸಿ, ಅರ್ಥಿಂಗ್ ಬಿಡಬೇಡಿ. ರೆಕ್ಕೆಯ ಮೇಲೆ ಜಾಲರಿ ಇರಲೇಬೇಕು, ಮನೆಯಲ್ಲಿ ಮಗು ಇದೆ. ಮೊದಲ ದಿನ ಎದುರಿಗೇ ಕೂತು ಓಡಿಸಿ. ಮೋಟರ್ ಸುಡುವಷ್ಟು ಬಿಸಿಯಾದರೆ ಆ ಫ್ಯಾನ್ ಬೇಡ.

ಟೇಪ್ ಹಚ್ಚುವಾಗ ಜಿಪುಣತನ ಬೇಡ. ಮೂಲೆಯಲ್ಲಿ ಬೆರಳು ತೂರುವಷ್ಟು ಸಂದಿ ಇದ್ದರೂ ಗಾಳಿ ಸಲೀಸಾದ ಆ ದಾರಿಯನ್ನೇ ಹಿಡಿಯುತ್ತದೆ. ಊದುಬತ್ತಿ ಹಚ್ಚಿ, ಫಿಲ್ಟರಿಗೆ ತಾಗದಂತೆ ಅಂಚಿನುದ್ದಕ್ಕೂ ಹಿಡಿದು ನೋಡಿ, ಹೊಗೆ ಟೇಪಿನ ಕಡೆ ಎಳೆದುಕೊಂಡರೆ ಅಲ್ಲಿ ಇನ್ನೊಂದು ಪದರ ಹಚ್ಚಿ. ಕಿಟಕಿ, ಬಾಗಿಲ ಕೆಳಗಿನ ಸಂದಿಗೂ ಫೋಮ್ ಪಟ್ಟಿ ಬೇಕು, ಇಲ್ಲದಿದ್ದರೆ ಇಡೀ ದ್ವಾರಕಾವನ್ನೇ ಸೋಸುತ್ತಾ ಕೂರುತ್ತೀರಿ! ಕಿಟಕಿ ತೆರೆಯಲೇಬೇಕಾದಾಗ ಮಧ್ಯಾಹ್ನ ತೆರೆಯಿರಿ. ಚಳಿಗಾಲದ ರಾತ್ರಿ ಮತ್ತು ಬೆಳಗಿನ ಜಾವ ನೆಲದ ಹತ್ತಿರದ ತಣ್ಣನೆ ಗಾಳಿ ಹೊಗೆಯನ್ನು ಅಲ್ಲೇ ಹಿಡಿದಿಡುತ್ತದೆ, ಬಿಸಿಲೇರಿದ ಮೇಲೆ ಅದು ಸ್ವಲ್ಪ ಮೇಲಕ್ಕೆ ಚದುರುತ್ತದೆ.

ನಮ್ಮ ದೇಶದ ಮಾನದಂಡದಲ್ಲಿ ಪಿಎಂ 2.5ರ ಇಡೀ ದಿನದ ಸರಾಸರಿ ಘನ ಮೀಟರಿಗೆ 60 ಮೈಕ್ರೊಗ್ರಾಂ ಮೀರಬಾರದು, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಮಗಳು ಮಲಗುವ ಒಂದೇ ಕೋಣೆಯಲ್ಲಿ ಮೊದಲು 60ರ ಕೆಳಗೆ ತನ್ನಿ, ಹಾಲ್ ಆಮೇಲೆ ನೋಡಿಕೊಳ್ಳೋಣ. ಡಾಕ್ಟರು ಇನ್‌ಹೇಲರ್ ಕೊಟ್ಟಿದ್ದರೆ ಡಬ್ಬ ಬಂತು ಅಂತ ಅದನ್ನು ನಿಲ್ಲಿಸಬೇಡಿ.

ಪ್ರಶ್ನೆ: ಫಿಲ್ಟರ್ ಕಪ್ಪಾಗಿದೆ. ತೊಳೆದು ಒಣಗಿಸಿದರೆ ಆಗುತ್ತಾ?

ಉತ್ತರ: ಬೇಡ. ಇಂಥ ಎಷ್ಟೋ ಫಿಲ್ಟರುಗಳ ಎಳೆಯಲ್ಲಿ ಸ್ಥಾಯೀ ವಿದ್ಯುತ್ ಇರುತ್ತದೆ, ಸಣ್ಣ ಕಣ ಅಂಟುವುದು ಅದರಿಂದಲೂ ಹೌದು. ನೀರು, ಸೋಪು ತಾಗಿದರೆ ಆ ಗುಣ ಹೋಗುತ್ತದೆ. ನೋಡಲು ಬೆಳ್ಳಗಾಗುತ್ತದೆ, ಕೆಲಸ ಮಾಡುವುದಿಲ್ಲ. ತೊಳೆಯಬಹುದಾದ ನೈಲಾನ್ ಜಾಲರಿಯನ್ನು ಹೊರಗಿನಿಂದ ಕಟ್ಟಿ, ಕೂದಲು, ದಪ್ಪ ಧೂಳು ಅದರಲ್ಲೇ ನಿಲ್ಲುತ್ತದೆ. ಮೀಟರ್ ಮೊದಲಿನಷ್ಟು ಇಳಿಯದಿದ್ದರೆ ಹೊಸ ಫಿಲ್ಟರ್ ತನ್ನಿ.

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮ ಪಕ್ಕದ ಸೈಟಿನಲ್ಲಿ ಕಟ್ಟಡ ಏಳುತ್ತಿದೆ. ಮನೆ ತುಂಬಾ ಸಿಮೆಂಟ್ ಧೂಳು. ನಾವೂ ಈ ಡಬ್ಬ ಮಾಡಬೇಕಾ?

ಉತ್ತರ: ಕಣ್ಣಿಗೆ ಕಾಣುವ ಆ ಧೂಳು ಬೇಗ ಕೆಳಗೆ ಕೂರುತ್ತದೆ, ಡಬ್ಬದವರೆಗೆ ಬರುವುದೇ ಇಲ್ಲ. ಪೊರಕೆ ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಕಡೆಯ ಕಿಟಕಿ ಮುಚ್ಚಿ. ಕಟ್ಟುವವರು ಹಸಿರು ಬಲೆ ಕಟ್ಟಲಿ, ನೀರು ಚಿಮುಕಿಸಲಿ, ಅದನ್ನು ಧೈರ್ಯವಾಗಿ ಕೇಳಿ. ಮನೆಯಲ್ಲಿ ಉಬ್ಬಸ ಇರುವವರು ಇದ್ದರೆ ಮಾತ್ರ ಮಲಗುವ ಕೋಣೆಗೆ ಒಂದು ಮಾಡಿಕೊಳ್ಳಿ.

ಪ್ರಶ್ನೆ: ಚಳಿಗೆ ಕೋಣೆಯೊಳಗೆ ಇದ್ದಿಲ ಒಲೆ ಇಟ್ಟು, ಜೊತೆಗೆ ಪ್ಯೂರಿಫೈಯರ್ ಹಾಕಬಹುದಾ?

ಉತ್ತರ: ಖಂಡಿತ ಬೇಡ. ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಅನಿಲ, ಕಣವಲ್ಲ. ಹೆಪಾ ಆಗಲಿ ಮರ್ವ್ ಆಗಲಿ ಅದನ್ನು ಹಿಡಿಯುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಮಲಗಿದವರು ಏಳದೇ ಹೋಗಬಹುದು. ಒಲೆ ಹೊರಗಿಡಿ, ಇನ್ನೊಂದು ಕಂಬಳಿ ಹೊದೆಯಿರಿ.